ಇಂಗ್ಲಿಷ್ ಬೋಧನೆಯಲ್ಲಿ ಯೋಜನಾ ಪದ್ಧತಿ: ಕರ್ನಾಟಕದ ಪ್ರೌಢಶಾಲೆಗಳು

ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನೋ ಕೆಲಸವನ್ನೋ ಕೈಗೆತ್ತಿಕೊಂಡು, ಹಲವು ದಿನ ಅದರ ಬೆನ್ನು ಹತ್ತಿ, ಮಾಹಿತಿ ಕಲೆಹಾಕಿ, ತಮ್ಮತಮ್ಮಲ್ಲಿ ಚರ್ಚಿಸಿ, ಕೊನೆಗೆ ನಾಲ್ಕು ಜನರ ಮುಂದಿಡಬಹುದಾದ ಬರಹ, ಭಾಷಣ, ನಾಟಕ ಅಥವಾ ಗೋಡೆಪತ್ರಿಕೆಯನ್ನು ರೂಪಿಸುವ ಕಲಿಕೆಯ ಕ್ರಮವೇ ಯೋಜನಾ ಪದ್ಧತಿ. ಶಾಲೆಗಳಲ್ಲಿ ಇದಕ್ಕೆ ‘ಪ್ರಾಜೆಕ್ಟ್’ ಎಂಬ ಹೆಸರೇ ರೂಢಿ. ಇಂಗ್ಲಿಷ್ ತರಗತಿಯಲ್ಲಿ ಇದಕ್ಕೊಂದು ವಿಶೇಷವಿದೆ: ಮಕ್ಕಳು ಯಾವ ಭಾಷೆಯನ್ನು ಕಲಿಯಬೇಕೋ ಅದೇ ಭಾಷೆಯಲ್ಲಿ ಕೆಲಸ ಮುಗಿಸಬೇಕು.

ಪದ್ಧತಿಯ ಬೇರು ಅಮೆರಿಕದಲ್ಲಿದೆ. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ಪ್ರಯೋಗಶಾಲೆಯೊಂದನ್ನು ತೆರೆದರು. ಅವರ ವಿಚಾರಗಳ ಜಾಡಿನಲ್ಲಿ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ‘ಪ್ರಾಜೆಕ್ಟ್ ಮೆಥಡ್’ ಪ್ರಬಂಧ ಬರೆದು ಪದ್ಧತಿಗೆ ಹೆಸರು ತಂದರು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನ ಮತ್ತು ಝಾಕಿರ್ ಹುಸೇನ್ ಸಮಿತಿಯ ಮೂಲಕ ಬಂದ ಮೂಲಶಿಕ್ಷಣವೂ ಕೈಕೆಲಸದಿಂದಲೇ ಕಲಿಕೆ ಶುರುವಾಗಬೇಕೆಂದಿತು. ಆದರೆ ಆ ಯೋಜನೆ ಮಾತೃಭಾಷೆಯನ್ನು ಮಾಧ್ಯಮವಾಗಿಸಿ ಇಂಗ್ಲಿಷನ್ನು ಹೊರಗಿಟ್ಟಿತ್ತು. ಹೀಗಾಗಿ ‘ಮಾಡಿ ಕಲಿ’ ಎಂಬ ಮಾತು ಕೇಳಿಬಂದ ಬಹುಕಾಲದ ನಂತರವೂ ಇಂಗ್ಲಿಷ್ ಪಾಠ ಓದು, ಅನುವಾದ ಮತ್ತು ಬಾಯಿಪಾಠದಲ್ಲೇ ನಡೆಯಿತು.

ಕರ್ನಾಟಕದ ಒಂದು ಉದಾಹರಣೆಯಾಗಿ ಬಳ್ಳಾರಿಯನ್ನು ನೋಡಬಹುದು; ಇಲ್ಲಿ ಇಂಗ್ಲಿಷ್ ಶಿಕ್ಷಣ ಹಳೆಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. 1916ರಲ್ಲಿ ಶಿಕ್ಷಣ ಸಂಸ್ಥೆಯಾದ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವವರೆಗೆ ಇಲ್ಲಿನ ಶಾಲೆಗಳು ಮದರಾಸಿನ ಆಡಳಿತದಲ್ಲಿದ್ದವು. ಆ ಬಳಿಕದ ದಶಕಗಳಲ್ಲಿ ದಕ್ಷಿಣ ಭಾರತದಾದ್ಯಂತ ವಾಕ್ಯರಚನೆಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿಸುವ ರಚನಾತ್ಮಕ ವಿಧಾನ ಬೇರೂರಿತು. ಶಿಕ್ಷಕರ ತರಬೇತಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದದ್ದು 1963ರಲ್ಲಿ.

ಅಲ್ಲಿಂದಲೇ ದೊಡ್ಡ ತಿರುವು ಬಂತು. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿಗೆ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಪರಿಚಯ. ವ್ಯಾಕರಣವನ್ನು ಪಟ್ಟಿ ಮಾಡಿ ಕಲಿಸುವುದನ್ನು ಅವರು ಬಿಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥ ಕೆಲಸಗಳನ್ನು ಕೊಟ್ಟರು. ಮೊದಲು ಶಿಕ್ಷಕರು ಅಂಥದೇ ಒಂದು ಕೆಲಸವನ್ನು ಇಡೀ ತರಗತಿಯೊಂದಿಗೆ ಮಾಡುತ್ತಿದ್ದರು. ಆಮೇಲೆ ಮಕ್ಕಳು ತಮ್ಮಷ್ಟಕ್ಕೆ ಮಾಡಬೇಕಿತ್ತು. ಅರ್ಥದ ಕಡೆ ಮನಸ್ಸು ಹರಿದರೆ ವ್ಯಾಕರಣ ಒಳಗೊಳಗೇ ಕೂಡಿಬರುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ‘ಸೆಕೆಂಡ್ ಲಾಂಗ್ವೇಜ್ ಪೆಡಗಾಗಿ’ ಎಂಬ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಸಂಶೋಧಕರಾದ ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಅವರ ವಾದಕ್ಕೆ ಸಾಕಷ್ಟು ಬೆಂಬಲ ಕೊಟ್ಟಿತಾದರೂ ಪೂರ್ತಿ ತೀರ್ಪಾಗಲಿಲ್ಲ. ಪ್ರಭು ಗುಂಪುಕೆಲಸವನ್ನು ಒತ್ತಿಹೇಳಲಿಲ್ಲ ಎಂಬುದು ಇಲ್ಲಿ ಮುಖ್ಯ: ಮಕ್ಕಳು ಒಬ್ಬರ ಅರೆಬರೆ ಇಂಗ್ಲಿಷನ್ನು ಇನ್ನೊಬ್ಬರಿಂದ ಕಲಿತು ಅಲ್ಲೇ ನಿಲ್ಲುತ್ತಾರೆಂಬ ಆತಂಕ ಅವರದು. ಹಾಗಾಗಿ ಇದು ಇಂದಿನ ಅರ್ಥದ ಪ್ರಾಜೆಕ್ಟ್ ಅಲ್ಲ. ಆದರೂ ಕನ್ನಡನಾಡಿನ ಇಂಗ್ಲಿಷ್ ತರಗತಿ ಅದಕ್ಕಿಂತ ಧೈರ್ಯದ ಹೆಜ್ಜೆಯನ್ನು ಇಟ್ಟಿಲ್ಲ ಎನ್ನಬಹುದು.

ಯೋಜನಾಕಾರ್ಯ ಎಲ್ಲ ಪ್ರೌಢಶಾಲೆಗಳ ದಿನಚರಿಗೆ ಸೇರಿದ್ದು ನಿಯಮಗಳ ಮೂಲಕ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಓದನ್ನು ಹೊರಗಿನ ಬದುಕಿಗೆ ಜೋಡಿಸಲು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಕೆ ಮತ್ತು ನಿರಂತರ, ವ್ಯಾಪಕ ಮೌಲ್ಯಮಾಪನವನ್ನು ಎಂಟನೇ ತರಗತಿಯವರೆಗೆ ವಿಧಿಸಿತು. 2014-15ರಿಂದ ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಹೀಗೆ ಆಂತರಿಕ ಮೌಲ್ಯಮಾಪನದ ಭಾಗವಾಗಿ ಪ್ರಾಜೆಕ್ಟಿಗೆ ಅಂಕ ಸಿಕ್ಕಿದ್ದು ಒಳ್ಳೆಯದೇ. ಅಂಕಕ್ಕಾಗಿಯೇ ಮಾಡಿದಾಗ ಮಾತ್ರ ಅದು ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಚಾರ್ಟಿಗೆ ಅಂಟಿಸುವ ಕೆಲಸಕ್ಕೆ ಇಳಿಯುತ್ತದೆ. ಮಗು ಒಂದು ಇಂಗ್ಲಿಷ್ ವಾಕ್ಯವನ್ನೂ ತಾನೇ ಕಟ್ಟದೆ ಪೂರ್ತಿ ಅಂಕ ಪಡೆಯಬಹುದು. ಇದನ್ನು ಮಗುವಿನ ತಪ್ಪೆನ್ನಲಾಗದು. ಕಿಕ್ಕಿರಿದ ತರಗತಿ, ನಲವತ್ತು ಚಿಲ್ಲರೆ ನಿಮಿಷದ ಪೀರಿಯಡ್, ಮುಗಿಸಲೇಬೇಕಾದ ಸಿಲೆಬಸ್ ಇವುಗಳ ನಡುವೆ ಶಿಕ್ಷಕರು ಪ್ರತಿಯೊಬ್ಬರ ಕರಡನ್ನೂ ನೋಡುವುದು ಕಷ್ಟ.

ಬಳ್ಳಾರಿ ನಗರದ ಸತ್ಯನಾರಾಯಣಪೇಟೆಯಂಥ ಬಡಾವಣೆಗಳ ಸುತ್ತ ಇಂಗ್ಲಿಷ್ ಪ್ರಾಜೆಕ್ಟಿಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಊರಿನ ಜೀನ್ಸ್ ಹೊಲಿಗೆ ಉದ್ಯಮವಿದೆ, ಕೋಟೆಯಿದೆ. ಊರಿಗೆ ಹತ್ತಿರದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ನೆಲೆ, ಬಂಡೆಚಿತ್ರ, ಬಡಿದರೆ ನಾದ ಹೊಮ್ಮಿಸುವ ಕಲ್ಲುಗಳಿವೆ. ಅವುಗಳನ್ನು ಅಧ್ಯಯನ ಮಾಡಿದ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ನಗರದಲ್ಲೇ ಇದೆ. ಉದಾಹರಣೆಗೆ, ಪ್ರಾಜೆಕ್ಟಿಗಾಗಿ ಮಗು ಮಾತಾಡಿಸಿದಾಗ ಜೀನ್ಸ್ ಹೊಲಿಯುವ ಟೈಲರ್ ಒಬ್ಬರು ಅದರೊಂದಿಗೆ ಮಾತಾಡುವುದು ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ. ವರದಿ ಆಗಬೇಕಾದದ್ದು ಇಂಗ್ಲಿಷಿನಲ್ಲಿ. ಕೇಳಿದ್ದನ್ನು ಇನ್ನೊಂದು ಭಾಷೆಗೆ ದಾಟಿಸುವಾಗ ಮಗು ಪದ ಹುಡುಕುತ್ತದೆ, ಕಾಲಸೂಚಕ ಕ್ರಿಯಾಪದಕ್ಕೆ ತಡಕಾಡುತ್ತದೆ, ಶಿಕ್ಷಕರನ್ನು ಕೇಳುತ್ತದೆ. ಪಠ್ಯದ ಪ್ರಶ್ನೋತ್ತರ ಕೊಡಲಾಗದ ಈ ತಡಕಾಟವೇ ನಿಜವಾದ ಭಾಷಾಭ್ಯಾಸ. ಇದಕ್ಕಾಗಿ ತರಗತಿಯಲ್ಲಿ ಮನೆಮಾತಿಗೂ ಜಾಗವಿರಬೇಕು. ಮೊದಲ ಚರ್ಚೆಯಿಂದಲೇ ಇಂಗ್ಲಿಷ್ ಮಾತ್ರ ಎಂದು ಪಟ್ಟು ಹಿಡಿದರೆ ವಿಷಯ ಗೊತ್ತಿರುವ ಮಗುವೇ ಮೌನವಾಗುತ್ತದೆ.

2007-08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಐದನೇ ತರಗತಿಯಲ್ಲಿ ಅಕ್ಷರ ಕಲಿಯಲಾರಂಭಿಸುತ್ತಿದ್ದ ಹಿಂದಿನ ಪೀಳಿಗೆಗಿಂತ ಇಂದಿನ ಎಂಟನೇ ತರಗತಿಯವರಿಗೆ ಭಾಷೆಯ ಒಡನಾಟ ಹೆಚ್ಚು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅನುಭವಾಧಾರಿತ ಕಲಿಕೆಗೆ ಒತ್ತುಕೊಟ್ಟಿದೆ. ಸಿದ್ಧ ಉತ್ತರ ಮೊಬೈಲಿನಲ್ಲೇ ಸಿಗುವ ಈಗಿನ ಕಾಲದಲ್ಲಿ ಚಾರ್ಟಿಗಿಂತ ಮಗುವಿನ ಕರಡು, ತಿದ್ದಿದ ಪ್ರತಿ ಮತ್ತು ತರಗತಿಯ ಎದುರು ನಿಂತು ಪ್ರಶ್ನೆಗಳಿಗೆ ಅದು ಕೊಡುವ ಉತ್ತರವನ್ನು ನೋಡಿ ಅಂಕ ಹಾಕುವುದು ಹೆಚ್ಚು ನ್ಯಾಯ.