ಬೀರುವಿನೊಳಗಿನ ದಾರಿ

ಮಿಖಾಯಿಲ್ ಬುಲ್ಗಾಕೊವ್ 1925ರಲ್ಲಿ ಬರೆದ ‘ನಾಯಿಯ ಹೃದಯ’ ಎಂಬ ಕಿರು ಕಾದಂಬರಿಯಲ್ಲಿ ಕೋಣೆಗಳ ಮೇಲೆ ಒಂದು ಜಗಳ ನಡೆಯುತ್ತದೆ. ಮಾಸ್ಕೋದ ಹೆಸರಾಂತ ವೈದ್ಯ ಪ್ರೊಫೆಸರ್ ಪ್ರೆಯೊಬ್ರಾಜೆನ್‌ಸ್ಕಿಯ ಬಳಿ ಏಳು ಕೋಣೆಗಳಿವೆ. ಕಟ್ಟಡದ ಹೊಸ ಸಮಿತಿಯವರು ಬಂದು, ಊಟದ ಕೋಣೆಯನ್ನೂ ರೋಗಿಗಳನ್ನು ನೋಡುವ ಕೋಣೆಯನ್ನೂ ಬಿಟ್ಟುಕೊಡಿ ಎನ್ನುತ್ತಾರೆ. ಊಟ ಎಲ್ಲಿ ಮಾಡಲಿ ಎಂದರೆ, ಮಲಗುವ ಕೋಣೆಯಲ್ಲಿ. ಪ್ರೊಫೆಸರ್ ಸಿಡಿದೇಳುತ್ತಾನೆ. ಉಣ್ಣುವುದು ಊಟದ ಕೋಣೆಯಲ್ಲಿ, ಶಸ್ತ್ರಚಿಕಿತ್ಸೆ ಅದಕ್ಕೆಂದೇ ಇರುವ ಕೋಣೆಯಲ್ಲಿ, ಇದು ಅವನ ನಿಲುವು. ಕೊನೆಗೆ ಅವನನ್ನು ಉಳಿಸುವುದು ವಾದವಲ್ಲ, ಒಂದು ಫೋನ್ ಕರೆ. ಅವನಿಂದ ಚಿಕಿತ್ಸೆ ಪಡೆಯುವ ದೊಡ್ಡ ಅಧಿಕಾರಿಯೊಬ್ಬ ಆ ಕಡೆಯಿಂದ ಮಾತಾಡುತ್ತಾನೆ, ಸಮಿತಿ ಬಾಲ ಮುದುರಿಕೊಂಡು ಹೋಗುತ್ತದೆ.

ನಾನು ಇದನ್ನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ. ನನಗೆ ರಷ್ಯನ್ ಬಾರದು. ಮೊದಲ ಓದಿಗೆ ಪ್ರಹಸನದಂತಿತ್ತು. ವಸತಿಯ ಚರಿತ್ರೆಯನ್ನು ಸಂಶೋಧನೆಗೆ ಹಿಡಿದ ಮೇಲೆ ಅದೇ ಪುಟಗಳು ದಾಖಲೆಯಂತೆ ಕಾಣತೊಡಗಿದವು. ಒಂದು ಕೋಣೆ ಎಷ್ಟು ಕೆಲಸ ಮಾಡಬಹುದು? ಅದನ್ನು ಹೇಳುವವರು ಯಾರು? ‘ಒಂದು ಕೆಲಸಕ್ಕೆ ಒಂದು ಕೋಣೆ’ ಎನ್ನುವುದು ಯುರೋಪಿನ ಅನುಕೂಲಸ್ಥರ ಮನೆಗಳಲ್ಲಿ ಬೆಳೆದ ಅಭ್ಯಾಸ. ನಮ್ಮ ಅಜ್ಜಿಯಂದಿರಿಗೆ ಪ್ರೊಫೆಸರನ ಸಿಟ್ಟು ಅರ್ಥವೇ ಆಗುತ್ತಿರಲಿಲ್ಲವೇನೋ. ನಡುಮನೆಯಲ್ಲಿ ಹಗಲು ಎಲೆ ಹಾಕಿದರೆ ಊಟ, ರಾತ್ರಿ ಚಾಪೆ ಬಿಡಿಸಿದರೆ ನಿದ್ದೆ. ಆದರೆ ಅಲ್ಲಿ ಮನೆ ನಮ್ಮದಾಗಿರುತ್ತಿತ್ತು, ಸುತ್ತ ಇರುವವರೂ ನಮ್ಮವರೇ.

1918ರ ಆಗಸ್ಟ್‌ನಲ್ಲಿ ಸೋವಿಯತ್ ಸರ್ಕಾರ ನಗರಗಳ ಕಟ್ಟಡಗಳ ಮೇಲಿನ ಖಾಸಗಿ ಒಡೆತನವನ್ನು ರದ್ದುಮಾಡಿತು. ಒಂದೇ ಕುಟುಂಬ ವಾಸವಿದ್ದ ದೊಡ್ಡ ಮನೆಗಳಿಗೆ ಬೇರೆ ಕುಟುಂಬಗಳನ್ನು ತುಂಬುವ ಕೆಲಸ ನಡೆಯಿತು, ಕುಟುಂಬಕ್ಕೊಂದು ಕೋಣೆ. ಅಡುಗೆಮನೆ, ಬಚ್ಚಲು, ಕಕ್ಕಸು, ನಡುವಿನ ಓಣಿ ಎಲ್ಲರಿಗೂ ಸೇರಿದ್ದು. ಇದೇ ‘ಕಮ್ಯುನಾಲ್ಕಾ’. ನಮ್ಮ ವಠಾರವನ್ನು ನೆನೆಸಿಕೊಳ್ಳಬಹುದು, ಆದರೆ ವಠಾರದ ಮನೆಗೆ ಎಷ್ಟೇ ಸಣ್ಣದಾದರೂ ತನ್ನದೇ ಒಲೆ ಇರುತ್ತದೆ. ಇಲ್ಲಿ ಒಂದೇ ಅಡುಗೆಮನೆಯಲ್ಲಿ ಕುಟುಂಬಕ್ಕೊಂದು ಮೇಜು, ಎಷ್ಟೋ ಕಡೆ ಕುಟುಂಬಕ್ಕೊಂದು ಬಲ್ಬು. ಬಾಗಿಲ ಗಂಟೆ ಎರಡು ಸಲ ಬಾರಿಸಿದರೆ ಇವರಿಗೆ ಅತಿಥಿ, ಮೂರು ಸಲವಾದರೆ ಅವರಿಗೆ.

ಇದನ್ನು ಬರೀ ಕ್ರೌರ್ಯದ ಕಥೆಯಾಗಿ ಹೇಳುವುದು ಸುಲಭ, ಆದರೆ ಸರಿಯಲ್ಲ. ಹಾಗೆ ಒಳಬಂದವರಲ್ಲಿ ಎಷ್ಟೋ ಜನ ನೆಲಮಾಳಿಗೆಗಳಿಂದ, ಕಾರ್ಮಿಕರ ಬ್ಯಾರಕ್‌ಗಳಿಂದ ಬಂದವರು. ದೊಡ್ಡ ಕಿಟಕಿಯ ಕೋಣೆ ಅವರಿಗೆ ಹೊಸ ಬದುಕು.

ಆ ಒಂದು ಕೋಣೆಯೊಳಗೆ ಅಜ್ಜಿ, ಗಂಡ ಹೆಂಡತಿ, ಓದುವ ಮಗು. ಅಲ್ಲಿ ಬೀರುವನ್ನು ಗೋಡೆಗೆ ಒತ್ತಿ ಇಡುವುದು ದಂಡ. ಅದನ್ನು ಅಡ್ಡ ತಿರುಗಿಸಿ ನಿಲ್ಲಿಸಿದರೆ ಬಟ್ಟೆಗೂ ಆಯಿತು, ಗೋಡೆಯೂ ಆಯಿತು. ಬೀರುವಿನ ಹಿಂದೆ ಒಂದು ಮಂಚ, ಇಲ್ಲವೇ ಹಗ್ಗಕ್ಕೆ ಇಳಿಬಿಟ್ಟ ಪರದೆಯ ಹಿಂದೆ. ನಡುವಿನ ಮೇಜು ಊಟಕ್ಕೆ, ಪಾಠಕ್ಕೆ, ಇಸ್ತ್ರಿಗೆ. ಆದರೆ ಕೋಣೆಗೆ ಕಿಟಕಿ ಒಂದೇ ಆದರೆ ಪೂರ್ತಿ ಗೋಡೆ ಎಬ್ಬಿಸುವಂತಿಲ್ಲ, ಹಿಂದಿನ ಅರ್ಧ ಕತ್ತಲಾಗುತ್ತದೆ. ಬೀರು ಮಾಡಿನವರೆಗೆ ಮುಟ್ಟದೆ ಇರುವುದೇ ಅನುಕೂಲ. ಅದರ ತಲೆಯ ಮೇಲಿಂದ ಬೆಳಕು ದಾಟುತ್ತದೆ. ಮಾತೂ ದಾಟುತ್ತದೆ. ಹಳೆಯ ಸಭಾಂಗಣದಂಥ ಕೋಣೆಗಳನ್ನು ನಿಜವಾದ ಅಡ್ಡಗೋಡೆ ಹಾಕಿ ಸೀಳಿದ ಕಡೆಗಳಲ್ಲಿ, ಮಾಡಿನ ಗಾರೆಯ ಹೂವು ಅರ್ಧ ಈಚೆ, ಅರ್ಧ ಆಚೆ ಉಳಿಯುತ್ತಿತ್ತು. ಇಂದಿನ ಒಳಾಂಗಣ ವಿನ್ಯಾಸದ ಪುಸ್ತಕಗಳು, ಬೆಳಕು ತಡೆಯದ ಕಪಾಟಿನಿಂದ ಕೋಣೆ ವಿಭಾಗಿಸಿ ಎಂದು ಸಲಹೆ ಕೊಡುವಾಗ ನನಗೆ ಇದೇ ನೆನಪಾಗುತ್ತದೆ. ಆ ಜನ ಅದನ್ನು ವಿನ್ಯಾಸ ಎಂದು ಕರೆದುಕೊಂಡಿರಲಿಲ್ಲ, ಅಷ್ಟೆ.

ಶಬ್ದದ ಕಷ್ಟವನ್ನು ಇಲ್ಫ್ ಮತ್ತು ಪೆಟ್ರೊವ್ 1928ರ ‘ಹನ್ನೆರಡು ಕುರ್ಚಿಗಳು’ ಕಾದಂಬರಿಯಲ್ಲಿ ನಗೆಯಾಗಿಸಿದ್ದಾರೆ. ಅಲ್ಲಿನ ಹಾಸ್ಟೆಲಿನಲ್ಲಿ ಪ್ಲೈವುಡ್ ತಡಿಕೆಗಳಿಂದ ಮಾಡಿದ, ಪೆನ್ಸಿಲ್ ಡಬ್ಬಿಯಂಥ ಕೋಣೆಗಳು. ಹೊಸದಾಗಿ ಮದುವೆಯಾದವರ ಪಿಸುಮಾತೂ ಪಕ್ಕದವರ ಪಾಲಿಗೆ. ಹಾಸ್ಟೆಲುಗಳಲ್ಲೇ ವರ್ಷಗಳನ್ನು ಕಳೆದ ನನ್ನಂಥವರಿಗೆ ಈ ನಗೆ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಬದುಕಿನ ಬಗ್ಗೆ ನಾನು ಓದಿದ್ದರಲ್ಲಿ ಮತ್ತೆ ಮತ್ತೆ ಹಿಂತಿರುಗುವುದು ಜೋಸೆಫ್ ಬ್ರಾಡ್‌ಸ್ಕಿ ತನ್ನ ತಂದೆತಾಯಿಯ ಬಗ್ಗೆ ಬರೆದ ಪ್ರಬಂಧಕ್ಕೆ. ಶೀರ್ಷಿಕೆಯೇ ‘ಒಂದೂವರೆ ಕೋಣೆಯಲ್ಲಿ’. 1986ರಲ್ಲಿ ಬಂದ ಅವನ ಗದ್ಯ ಸಂಕಲನದಲ್ಲಿದೆ. ಲೆನಿನ್‌ಗ್ರಾದಿನ ಲಿತೇಯ್ನಿ ರಸ್ತೆಯ ಮುರುಜಿ ಭವನದಲ್ಲಿ ಮೂವರಿಗೆ ಸಿಕ್ಕಿದ್ದು 40 ಚದರ ಮೀಟರ್. ತಲೆಗೆ 9 ಚದರ ಮೀಟರ್ ಎಂಬ ಲೆಕ್ಕದಲ್ಲಿ ಅದು ಐಶ್ವರ್ಯವೇ. ಮದುವೆಗೆ ಮುಂಚೆ ಅಪ್ಪ ಅಮ್ಮ ಇಬ್ಬರಿಗೂ ಇದ್ದ ಬೇರೆ ಬೇರೆ ಕೋಣೆಗಳನ್ನು ಕೊಟ್ಟು ಇದನ್ನು ಪಡೆದಿದ್ದರು. ಹುಡುಗನ ಪಾಲಿಗೆ ಬಂದಿದ್ದು ಆ ‘ಅರ್ಧ’, ಸುಮಾರು 10 ಚದರ ಮೀಟರ್. ಅದಕ್ಕೂ ದೊಡ್ಡ ಕೋಣೆಗೂ ನಡುವೆ ಬಾಗಿಲಿಲ್ಲ. ಮಾಡನ್ನು ಮುಟ್ಟುವಷ್ಟು ಎತ್ತರದ ಎರಡು ಕಮಾನುಗಳು. ಅವುಗಳನ್ನು ಅವನು ಪುಸ್ತಕದ ಕಪಾಟು, ಸೂಟ್‌ಕೇಸು, ಬೀರುಗಳಿಂದ ಮುಚ್ಚುತ್ತ ಹೋದ. ಒಂದು ಬೀರುವಿನ ಹಿಂಬದಿಯ ಹಲಗೆ ಕಿತ್ತು, ಬಾಗಿಲನ್ನು ಹಾಗೆಯೇ ಬಿಟ್ಟ. ಅವನನ್ನು ನೋಡಲು ಬಂದವರು ಬೀರುವಿನ ಬಾಗಿಲು ತೆರೆದು, ಪರದೆ ಸರಿಸಿ ಒಳಹೋಗಬೇಕು. ಅಪ್ಪ ಛಾಯಾಗ್ರಾಹಕ, ಅವನ ಫೋಟೊ ತೊಳೆಯುವ ಕತ್ತಲಮೂಲೆಯೂ ಆ ಅರ್ಧದಲ್ಲೇ ಇತ್ತು. ಅಲ್ಲಿಯೇ ಮಗನ ಮಂಚ, ಮೇಜು, ಕವಿತೆ, ಗೆಳತಿಯರು.

ಹದಿಹರೆಯದ ಹುಡುಗ ಅಪ್ಪ ಅಮ್ಮನಿಂದ ಮರೆಯಾಗಲು ಕಟ್ಟಿದ ಕೋಟೆ ಇದು. ಎಲ್ಲ ಮಕ್ಕಳೂ ಒಂದಲ್ಲ ಒಂದು ವಯಸ್ಸಿನಲ್ಲಿ ಕಟ್ಟುವಂಥದ್ದೇ. ಮುಂದೆ ಆದದ್ದು ಬೇರೆ. 1964ರಲ್ಲಿ ದುಡಿಯದ ಪರೋಪಜೀವಿ ಎಂಬ ಆರೋಪದ ಮೇಲೆ ವಿಚಾರಣೆ, ಉತ್ತರದ ಹಳ್ಳಿಯೊಂದಕ್ಕೆ ಗಡಿಪಾರು. 1972ರ ಜೂನ್‌ನಲ್ಲಿ ದೇಶದಿಂದಲೇ ಹೊರಗೆ. ಮಗನನ್ನು ಒಮ್ಮೆ ನೋಡಿಬರಲು ಅನುಮತಿ ಕೊಡಿ ಎಂದು ತಂದೆತಾಯಿ ಮತ್ತೆ ಮತ್ತೆ ಅರ್ಜಿ ಹಾಕಿದರು, ಸಿಗಲಿಲ್ಲ. ತಾಯಿ 1983ರಲ್ಲಿ, ತಂದೆ 1984ರಲ್ಲಿ ತೀರಿಕೊಂಡರು. ಅವರ ಬಗೆಗಿನ ಪ್ರಬಂಧವನ್ನು ಮಗ ಬೇಕೆಂದೇ ಇಂಗ್ಲಿಷಿನಲ್ಲಿ ಬರೆದ. ಅವರನ್ನು ಹೊರಗೆ ಬಿಡದ ಪ್ರಭುತ್ವದ ಭಾಷೆಯಲ್ಲಿ ಅವರನ್ನು ಮತ್ತೆ ಕೂಡಿಹಾಕಲು ಅವನಿಗೆ ಮನಸ್ಸಿರಲಿಲ್ಲ. ಬೀರುವಿನ ಆಚೆಯಿಂದ ಕೇಳುತ್ತಿದ್ದ ಅಡುಗೆಯ, ಮಾತಿನ, ನಡಿಗೆಯ ಸದ್ದುಗಳಿಗಾಗಿ ಅವನು ಆ ಪುಟಗಳಲ್ಲಿ ಹಂಬಲಿಸುವುದನ್ನು ನಾನು ಒಂದೇ ಬಾರಿಗೆ ಓದಿ ಮುಗಿಸಲಾರೆ.

1957ರ ನಂತರ ಕ್ರುಶ್ಚೇವ್ ಕಾಲದಲ್ಲಿ ಕುಟುಂಬಕ್ಕೊಂದು ಪ್ರತ್ಯೇಕ ಮನೆ ಕಟ್ಟುವ ದೊಡ್ಡ ಕಾರ್ಯಕ್ರಮ ಶುರುವಾಯಿತು. ಅಡುಗೆಮನೆ ಇಕ್ಕಟ್ಟು, ಮಾಡು ತಗ್ಗು. ಆದರೂ ಚಿಲಕ ತಮ್ಮದು. ಕಮ್ಯುನಾಲ್ಕಾಗಳು ಅದರಿಂದ ಪೂರ್ತಿ ಮುಗಿಯಲಿಲ್ಲ.

ಮುರುಜಿ ಭವನದ ಆ ಒಂದೂವರೆ ಕೋಣೆ 2020ರ ಕೊನೆಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಷ್ಟು ತಡವಾಗಲು ಒಂದು ಕಾರಣ, ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದ ವಯಸ್ಸಾದ ನೆರೆಯಾಕೆ. ಬ್ರಾಡ್‌ಸ್ಕಿ ಕುಟುಂಬದ ಕಾಲದಿಂದಲೂ ಇದ್ದವರು; ಉಳಿದ ಕೋಣೆಗಳೆಲ್ಲ ಮಾರಾಟವಾದರೂ ಅವರು ತಮ್ಮದನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಪಕ್ಕದ ಮನೆಯೊಂದನ್ನು ಕೊಂಡು ಅಲ್ಲಿಂದ ದಾರಿ ಮಾಡಬೇಕಾಯಿತು. ಕವಿಯ ಕೋಣೆಗೂ ಆಕೆಯ ಪಾಲಿಗೂ ನಡುವೆ ಒಂದು ಹೊಸ ಗೋಡೆ ಎದ್ದಿತು.