ಜಾತ್ರಿ ನಮ್ಮದು, ಥಂಡಿ ಯಾರದು?

ಕಾರ್ತಿಕ ಶುದ್ಧ ದಶಮಿಗೆ ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆ. ತುಂಗಭದ್ರಾ ದಂಡೆಯ ಈ ಊರಲ್ಲಿ 1682ರಲ್ಲಿ ಹುಟ್ಟಿದ ದಾಸರು ಊರೂರು ತಿರುಗಿ, 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಆರಾಧನೆ ಹೊತ್ತಿಗೆ ಬೆಳಗಿನ ಜಾವ ಹೊಳೆ ದಂಡೆಗೆ ಹೋಗಿ ನಿಂತರೆ ಆ ವರ್ಷದ ಮೊದಲ ಥಂಡಿ ಗಾಳಿ ಕಿವಿಗೆ ಬಡಿಯುತ್ತದೆ. ನಮ್ಮ ಮಾನ್ವಿ, ದೇವದುರ್ಗ, ರಾಯಚೂರು ಕಡೆ ಚಳಿಗಾಲ ಶುರುವಾಯಿತು ಅಂತ ಗೊತ್ತಾಗುವುದು ಹೀಗೆ. ಚಳಿಯ ಬೆನ್ನಿಗೇ ಜಾತ್ರೆಗಳು ಬರುತ್ತವೆ.

ಜಾತ್ರೆ ಬಂತೆಂದರೆ ಬೆಂಡು ಬತ್ತಾಸದ ಅಂಗಡಿ, ಬಳೆ ಅಂಗಡಿ, ಮಿರ್ಚಿ ವಗ್ಗರಣಿ ಹೋಟೆಲು, ಮಕ್ಕಳ ತೊಟ್ಟಿಲು, ಮುಗಿಲಿಗೆ ತಾಗುವ ದೊಡ್ಡ ತೊಟ್ಟಿಲು, ನಾಟಕ ಕಂಪನಿ ಎಲ್ಲ ಬಂದು ಇಳಿಯುತ್ತವೆ. ನಾವು ರಾತ್ರಿ ಹನ್ನೊಂದರ ತನಕ ತಿರುಗಿ, ಮನೆಗೆ ಬಂದು ಕೌದಿ ಹೊದ್ದು ಮಲಗುತ್ತೇವೆ. ಅವರು ಅದೇ ಬಯಲಲ್ಲಿ, ತಾಡಪತ್ರಿ ಕೆಳಗೆ, ನೆಲದ ಮೇಲೆ ಮಲಗುತ್ತಾರೆ. ನೂರಾರು ವರ್ಷಗಳಿಂದ ನಡೆದಿರುವುದು ಹೀಗೇ. ನಾವು ಜಾತ್ರೆಯ ಇತಿಹಾಸ ಹೇಳುವಾಗ ದೇವರ ಕಥೆ, ತೇರಿನ ಕಥೆ ಹೇಳುತ್ತೇವೆ. ಬಯಲಲ್ಲಿ ಮಲಗಿದವರ ಕಥೆಯನ್ನು ಹೇಳುವುದು ಕಡಿಮೆ.

ಥಂಡಿಯಲ್ಲೇ ಜಾತ್ರೆ ಯಾಕೆ?

ಉತ್ತರ ಕರ್ನಾಟಕದ ದೊಡ್ಡ ಜಾತ್ರೆಗಳ ಪಟ್ಟಿ ನೋಡಿ. ಡಿಸೆಂಬರ್ ಹೊತ್ತಿಗೆ ಕೃಷ್ಣಾ ದಂಡೆಯ ದೇವಸುಗೂರಿನಲ್ಲಿ ಸೂಗೂರೇಶ್ವರನ ತೇರು. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ, ಸವದತ್ತಿ ಯಲ್ಲಮ್ಮ, ನಮ್ಮದೇ ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಅಂಬಾಮಠ. ಅದರ ಬೆನ್ನಿಗೇ ಕೊಪ್ಪಳದ ಗವಿಸಿದ್ಧೇಶ್ವರ. ಭಾರತ ಹುಣ್ಣಿಮೆಗೆ ಮೈಲಾರ. ಹೆಚ್ಚಿನವು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ, ಅಂದರೆ ವರ್ಷದ ಅತಿ ತಣ್ಣನೆಯ ದಿನಗಳಲ್ಲೇ ಬರುತ್ತವೆ.

ಇದಕ್ಕೆ ಕಾರಣ ರೈತನ ಲೆಕ್ಕ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಬಂಡಿ ಗಾಲಿ ಅಚ್ಚಿನ ತನಕ ಹುಗಿಯುತ್ತದೆ, ಊರಿಂದ ಊರಿಗೆ ಹೋಗುವುದೇ ಕಷ್ಟ. ದಾರಿ ಒಣಗುವುದು ಚಳಿಗಾಲಕ್ಕೆ. ಸಜ್ಜೆ, ಹತ್ತಿ, ತೊಗರಿ, ಭತ್ತ ಒಂದೊಂದಾಗಿ ಮನೆಗೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವುದೂ ಆಗಲೇ. ಎತ್ತುಗಳಿಗೆ ಕೆಲಸ ಕಡಿಮೆ, ಜನರಿಗೂ ಸ್ವಲ್ಪ ಬಿಡುವು.

ಇನ್ನೊಂದು ಕಾರಣ ಹುಣ್ಣಿಮೆ. ಕರೆಂಟ್ ಇಲ್ಲದ ಕಾಲದಲ್ಲಿ ಬಂಡಿ ಕಟ್ಟಿಕೊಂಡು ರಾತ್ರಿಯೆಲ್ಲ ದಾರಿ ಸಾಗಲು ಬೆಳದಿಂಗಳು ಬೇಕು. ಚಳಿಗಾಲದ ಹುಣ್ಣಿಮೆ ಚಂದ್ರ ಸಂಜೆ ಹುಟ್ಟಿ, ನೆತ್ತಿಯ ಮೇಲೆ ಬಂದು, ಬೆಳಗಿಗೇ ಮುಳುಗುತ್ತಾನೆ. ಅಷ್ಟು ಉದ್ದದ ಬೆಳಕು ಬೇರೆ ಕಾಲದಲ್ಲಿ ಸಿಗದು. ಆದರೆ ಮೋಡವಿಲ್ಲದ ಸ್ವಚ್ಛ ಆಕಾಶವೇ ಥಂಡಿಗೂ ಕಾರಣ. ಹಗಲು ಕಾದ ಭೂಮಿ ರಾತ್ರಿ ತನ್ನ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡ ಇದ್ದರೆ ಅದು ಕೌದಿ ಹೊದಿಸಿದ ಹಾಗೆ ಶಾಖ ತಡೆಯುತ್ತದೆ, ಇಲ್ಲದಿದ್ದರೆ ಶಾಖವೆಲ್ಲ ಹೋಗಿಬಿಡುತ್ತದೆ. ಜಾತ್ರೆಗೆ ಬರುವವರಿಗೆ ದಾರಿ ತೋರಿಸಿದ ಅದೇ ರಾತ್ರಿ, ಜಾತ್ರೆಯಲ್ಲಿ ಉಳಿದವರನ್ನು ನಡುಗಿಸಿತು.

ಜಾತ್ರೆ ಕೂಡುವ ಜಾಗವನ್ನೂ ನೋಡಿ. ಹೊಳೆ ದಂಡೆ, ಕೆರೆ ಅಂಗಳ, ಹಳ್ಳದ ಬದಿ. ಅಲ್ಲಿ ನೀರು ಸಿಗುತ್ತದೆ, ಬೆಳೆ ಇರುವುದಿಲ್ಲ. ಆದರೆ ತಣ್ಣನೆಯ ಗಾಳಿ ಭಾರವಾದದ್ದು, ತಗ್ಗಿಗೇ ಇಳಿದು ಕೂಡುತ್ತದೆ. ಹೀಗಾಗಿ ಗುಡಾರದವರಿಗೆ ಊರು ಬಿಟ್ಟುಕೊಡುವ ಜಾಗ ಬಹಳ ಸಲ ಊರಲ್ಲೇ ಹೆಚ್ಚು ಥಂಡಿ ಇರುವ ಜಾಗ ಆಗಿರುತ್ತದೆ.

ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ಬೀದರ್, ವಿಜಯಪುರ, ಕಲಬುರಗಿ ಕಡೆಯಿಂದ ಇಂಥ ಸುದ್ದಿ ಆಗಾಗ ಬರುತ್ತದೆ. ಆದರೆ ಇದು ಗೋಡೆ, ಮಾಳಿಗೆ ಇದ್ದವರ ಲೆಕ್ಕ. ಬರೀ ನೆಲದ ಮೇಲೆ ಮಲಗಿದವನಿಗೆ ಗಾಳಿ, ಇಬ್ಬನಿ ಸೇರಿದರೆ 13 ಡಿಗ್ರಿಯೂ ಸಾಕಾಗುತ್ತದೆ. ಒಮ್ಮೊಮ್ಮೆ ಬಂಗಾಳ ಕೊಲ್ಲಿಯ ಚಂಡಮಾರುತ ಆಂಧ್ರ ಕರಾವಳಿಗೆ ಅಪ್ಪಳಿಸುತ್ತದೆ. 2023ರ ಡಿಸೆಂಬರ್ 5ರಂದು ಬಾಪಟ್ಲ ಹತ್ತಿರ ಬಂದ ಮಿಚಾಂಗ್ ಅಂಥದ್ದು. ಅಂಥ ದಿನಗಳಲ್ಲಿ ಜಿಟಿಜಿಟಿ ಮಳೆ ಇಲ್ಲಿತನಕ ಬಂದರೆ ರೈತ ರಾಶಿಗೆ ತಾಡಪತ್ರಿ ಹೊದಿಸಲು ಓಡುತ್ತಾನೆ. ಜಾತ್ರೆಯವನ ತಾಡಪತ್ರಿ ಒಂದೇ. ಅದನ್ನು ಸರಕಿಗೆ ಹೊದಿಸಬೇಕೋ ಮಕ್ಕಳಿಗೆ ಹೊದಿಸಬೇಕೋ ಎಂಬುದು ಅವನ ಚಿಂತೆ.

ಹಿಂದೆ ಬರುತ್ತಿದ್ದವರು

ತೊಟ್ಟಿಲು ಬರುವುದಕ್ಕೆ ಬಹಳ ಮೊದಲೇ ಬಯಲು ಜನರಿಂದ ತುಂಬುತ್ತಿತ್ತು. ಡೊಂಬರು ಹಗ್ಗದ ಮೇಲೆ ನಡೆಯುತ್ತಿದ್ದರು. ಬುಡ್ಗಜಂಗಮರು ಹಗಲುವೇಷ ಹಾಕುತ್ತಿದ್ದರು. ಶಿಳ್ಳೇಕ್ಯಾತರು ತೊಗಲುಗೊಂಬೆ ಆಡಿಸುತ್ತಿದ್ದರು. ಶಿಳ್ಳೇಕ್ಯಾತರು ನೀರಿದ್ದಲ್ಲಿ ಮೀನು ಹಿಡಿಯುವವರೂ ಹೌದು. ಸುಗ್ಗಿಯ ದಿನಗಳಲ್ಲಿ ಗೊಂಬೆ ಪೆಟ್ಟಿಗೆ ಹೊತ್ತು ಊರೂರು ಹೋಗುತ್ತಿದ್ದರು.

ತೊಗಲುಗೊಂಬೆಗೂ ಇಬ್ಬನಿಗೂ ಆಗಿಬರುವುದಿಲ್ಲ. ಹದಮಾಡಿ ತೆಳ್ಳಗೆ ಮಾಡಿದ ತೊಗಲು ಹಸಿ ಹಿಡಿದರೆ ಮೆತ್ತಗಾಗಿ ಮುದುಡುತ್ತದೆ. ಹಾಗಾಗಿ ತಮಗಿಂತ ಮೊದಲು ಗೊಂಬೆಯನ್ನು ಬೆಚ್ಚಗಿಡಬೇಕು. ಆಟ ಬೆಳತನಕ ನಡೆಯುವಾಗ ಪರದೆ ಹಿಂದಿನ ದೀಪವೇ ಗೊಂಬೆಗೂ ಮನುಷ್ಯರಿಗೂ ಕಾವು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಫೋಟೋದಲ್ಲಿ ಆ ಅಜ್ಜಿಯ ಮುಖ ನಾವೆಲ್ಲ ನೋಡಿದೆವು. ಆ ಮುಖದ ಹಿಂದೆ ಇಂಥ ಎಷ್ಟು ರಾತ್ರಿಗಳು ಇದ್ದಾವು, ಯೋಚಿಸಿ.

ಆಮೇಲೆ ಬಂದವು ನಾಟಕ ಕಂಪನಿಗಳು. ಹಳೆ ಮೈಸೂರಿನ ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ನಮ್ಮ ಕಡೆ ಶಿರಹಟ್ಟಿ ವೆಂಕೋಬರಾಯರು, ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಕಂಪನಿ ಕಟ್ಟಿ ತಿರುಗಿದರು. ಗದುಗಿನ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಕಲಾವಿದರ ನಾಟಕ ಕಂಪನಿಯನ್ನೇ ನಡೆಸಿದರು. ಆ ಗಳಿಕೆಯಿಂದ ಆಶ್ರಮದ ಮಕ್ಕಳ ಹೊಟ್ಟೆ ತುಂಬಬೇಕಿತ್ತು. ಕಣ್ಣು ಕಾಣದ ಹುಡುಗರು ಹೊಸ ಊರಿನ ಬಯಲಲ್ಲಿ, ಚಳಿಯಲ್ಲಿ, ಹಾರ್ಮೋನಿಯಂ ಮೇಲೆ ಸೆಟೆದ ಬೆರಳು ಆಡಿಸಿ ಗಳಿಸಿದ ಅನ್ನ ಅದು.

ಬೆಳತನಕ ನಾಟಕ ಯಾಕೆ ಇತ್ತು?

ನಾನು ಸಣ್ಣವನಿದ್ದಾಗ ಅವ್ವನ ಜೊತೆ ಅಂಬಾಮಠಕ್ಕೆ ಹೋಗಿದ್ದೆ. ರಾತ್ರಿ ನಾಟಕದ ಥೇಟರಿನಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿದ್ದರು. ದುಡ್ಡು ಕೊಟ್ಟು ಬಂದು ಯಾಕೆ ಮಲಗುತ್ತಾರೆ ಅಂತ ಕೇಳಿದ್ದಕ್ಕೆ ಅವ್ವ, "ಹೊರಗ ಥಂಡಿ ಐತಲ್ಲಪಾ, ಇಲ್ಲಿ ಬೆಚ್ಚಗಿರ್ತದ" ಅಂದಿದ್ದಳು.

ಆ ಮಾತಿನ ಬೆಲೆ ಈಗ ತಿಳಿಯುತ್ತದೆ. ಬಂಡಿಯಲ್ಲಿ ಬಂದವರು, ಕೊನೆಯ ಬಸ್ ತಪ್ಪಿದವರು ರಾತ್ರಿ ಎಲ್ಲಿಗೆ ಹೋಗಬೇಕು? ನಾಟಕದ ಟಿಕೆಟ್ ಅಂದರೆ ನಾಟಕಕ್ಕೆ ಅಷ್ಟೇ ಅಲ್ಲ, ನಾಲ್ಕು ಕಡೆ ಮರೆ ಇರುವ ಒಂದು ಜಾಗಕ್ಕೂ ಹೌದು. ಸಾವಿರ ಜನ ಒತ್ತಿ ಕೂತರೆ ಅವರ ಉಸಿರಿನ ಕಾವೇ ಸಾಕು. ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಸಾಲು ಸಾಲು ಕಂಪನಿಗಳು ಒಂದು ಆಟದ ಮೇಲೆ ಇನ್ನೊಂದು ಆಟ ಹಾಕಿ ಬೆಳಗು ಮಾಡುತ್ತವೆ. ನೋಡುವವರಿಗೆ ಅದು ಆಸರೆ. ಆಡುವವರಿಗೆ ನಿದ್ದೆಯಿಲ್ಲದ ತಿಂಗಳು. ರಂಗದ ಮೇಲೆ ತೆಳ್ಳನೆ ಸೀರೆ, ತೋಳಿಲ್ಲದ ರವಿಕೆ. ಪರದೆ ಹಿಂದೆ ಬಂದ ಕೂಡಲೇ ಚಾದರ. ಬಣ್ಣ ತೊಳೆಯಲು ಬೆಳಗಿನ ಜಾವದ ತಣ್ಣೀರು. ಕೂಸು ಇದ್ದ ನಟಿ ಒಂದು ಪ್ರವೇಶಕ್ಕೂ ಇನ್ನೊಂದು ಪ್ರವೇಶಕ್ಕೂ ನಡುವೆ ಹಾಲು ಕುಡಿಸಬೇಕು. ಗಂಟಲು ಕಟ್ಟಿದರೆ ಅವತ್ತಿನ ಪಾತ್ರ ಹೋಯಿತು, ಪಾತ್ರ ಹೋದರೆ ಪಗಾರ ಹೋಯಿತು.

ಕಂಬಳಿ ಹೋಗಿ ತಗಡು ಬಂತು

ಹಿಂದಿನವರ ಉಪಾಯಗಳು ಸರಳ. ಕುರುಬರು ನೇಯ್ದ ಒರಟು ಕಂಬಳಿ ಇಬ್ಬನಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಹೊದೆಯಲೂ ಅದೇ, ಹಾಸಲೂ ಅದೇ, ಗುಡಾರದ ಬಾಯಿಗೆ ಪರದೆಯೂ ಅದೇ. ಕೆಳಗೆ ಜೋಳದ ಕಣಕಿ. 1953ರಲ್ಲಿ ತುಂಗಭದ್ರಾ ನೀರು ಹರಿದ ಮೇಲೆ ನಮ್ಮ ಕಡೆ ಭತ್ತ ಹೆಚ್ಚಿತು, ಕಣಕಿಯ ಜಾಗಕ್ಕೆ ಭತ್ತದ ಹುಲ್ಲು ಬಂತು. ಬೆಂಕಿಗೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಹೊಟ್ಟೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಇವೆಲ್ಲ ಊರಿನ ಹೊಲದಿಂದಲೇ ಬರುತ್ತಿದ್ದವು. ಕೇಳಿದರೆ ಕೊಡುತ್ತಿದ್ದರು.

ಈಗ ಗೋಣಿತಟ್ಟು, ತಡಿಕೆ ಹೋಗಿ ತಗಡು, ಪ್ಲಾಸ್ಟಿಕ್ ತಾಡಪತ್ರಿ ಬಂದಿವೆ. ಮಳೆಗೆ ಒಳ್ಳೆಯದು, ಥಂಡಿಗೆ ಅಲ್ಲ. ತಗಡು ರಾತ್ರಿ ಬೇಗ ತಣ್ಣಗಾಗುತ್ತದೆ. ಪ್ಲಾಸ್ಟಿಕ್ ಒಳಗೆ ಮಲಗಿದವರ ಉಸಿರಿನ ಹಸಿಯೇ ಮೇಲೆ ಹನಿಗಟ್ಟಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಕಂಬಳಿಗೆ ಈ ತೊಂದರೆ ಇರಲಿಲ್ಲ.

ಬೆಂಕಿಯ ಭಯ ಬೇರೆ. ಒಳಗೆ ಕೆಂಡ ಇಟ್ಟು ಗುಡಾರದ ಬಾಯಿ ಮುಚ್ಚಿದರೆ ವಿಷಗಾಳಿ ತುಂಬಿ ಮಲಗಿದವರು ಏಳುವುದೇ ಇಲ್ಲ. ಹೊರಗೆ ಇಟ್ಟರೆ ಗಾಳಿಗೆ ಕಿಡಿ ಹಾರುತ್ತದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅದಕ್ಕೆ ಚಳಿ ಕಾರಣ ಅಲ್ಲ. ಆದರೆ ಡೇರೆಗೆ ಬೆಂಕಿ ತಾಗಿದರೆ ಓಡಲು ಹೊತ್ತೇ ಇರುವುದಿಲ್ಲ ಎಂದು ಆ ದಿನ ತೋರಿಸಿಕೊಟ್ಟಿತು. ಜಾತ್ರೆಯ ಹಳೆ ಜನ ಇದನ್ನು ಬಲ್ಲರು. ಅದಕ್ಕೇ ಎಷ್ಟೋ ಮಂದಿ ಬೆಂಕಿ ಬಿಟ್ಟು ನಡುಗುವುದನ್ನೇ ಆರಿಸಿಕೊಳ್ಳುತ್ತಾರೆ.

ದೊಡ್ಡ ತೊಟ್ಟಿಲಿನ ಹುಡುಗರ ಕಷ್ಟ ನಮಗೂ ತಾಗುವಂಥದ್ದು. ರಾತ್ರಿ ಆಟ ನಿಲ್ಲಿಸಿ, ಯಂತ್ರದ ಪಕ್ಕದಲ್ಲೇ ಎರಡು ತಾಸು ಮಲಗಿ, ಇಬ್ಬನಿಯಿಂದ ಜಾರುವ ಕಬ್ಬಿಣ ಹತ್ತಿ ನಟ್ಟು ಬಿಗಿಮಾಡುತ್ತಾರೆ. ಮರಗಟ್ಟಿದ ಕೈಗೆ ನಟ್ಟು ಬಿಗಿಯಾಯಿತೋ ಇಲ್ಲವೋ ತಿಳಿಯುವುದಿಲ್ಲ. ನಮ್ಮ ಮಕ್ಕಳು ಕೂಡುವುದು ಅದೇ ತೊಟ್ಟಿಲಲ್ಲಿ.

ಊರು ಕೊಟ್ಟದ್ದು, ಊರು ಮರೆತದ್ದು

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಡೊಂಬರನ್ನು, ಶಿಳ್ಳೇಕ್ಯಾತರನ್ನು ಊರೊಳಗೆ ಮಲಗಲು ಬಿಡುತ್ತಿರಲಿಲ್ಲ. ಗುಡಿಯ ಪೌಳಿ, ಚಾವಡಿ ಎಲ್ಲರಿಗೂ ತೆರೆದಿರಲಿಲ್ಲ, ಜಾತಿ ನೋಡಿಯೇ ಜಾಗ ಕೊಡುತ್ತಿದ್ದರು. ಆದರೂ ಒಂದು ಲೆಕ್ಕ ಇತ್ತು. ಆಟ ಆಡಿದವರಿಗೆ ಕಾಳು, ಹಳೆ ಬಟ್ಟೆ, ಕಟ್ಟಿಗೆ, ಹುಲ್ಲು ಕೊಡುವುದು ಊರಿನ ಜವಾಬ್ದಾರಿ ಎಂದು ಒಪ್ಪಿಕೊಂಡಿದ್ದರು.

ಈಗ ಬಹಳ ಕಡೆ ಜಾಗ ಹರಾಜಾಗುತ್ತದೆ ಇಲ್ಲವೇ ಅಡಿ ಲೆಕ್ಕದಲ್ಲಿ ಬಾಡಿಗೆ. ಬಾಡಿಗೆ ಕೊಟ್ಟ ಮೇಲೆ ನಮಗೂ ಅವರಿಗೂ ಏನೂ ಉಳಿಯಲಿಲ್ಲ ಎಂಬಂತೆ ಆಗಿದೆ. ಕಟ್ಟಿಗೆ ಕೊಳ್ಳಬೇಕು, ನೀರು ಕೊಳ್ಳಬೇಕು, ಬಹಿರ್ದೆಸೆಗೆ ಹೆಣ್ಣುಮಕ್ಕಳು ಕತ್ತಲಲ್ಲಿ ಹೊಳೆ ಕಡೆ ನಡೆಯಬೇಕು. ಉಳಿದಿರುವ ದೊಡ್ಡ ಆಸರೆ ದಾಸೋಹ. ಕೊಪ್ಪಳದ ಗವಿಮಠಕ್ಕೆ ಹಳ್ಳಿ ಹಳ್ಳಿಯಿಂದ ಬಂಡಿ, ಟ್ರ್ಯಾಕ್ಟರ್ ತುಂಬಿ ಜೋಳದ ರೊಟ್ಟಿ ಬರುತ್ತವೆ. ಅಲ್ಲಿ ಅಂಗಡಿಯವನು, ತೊಟ್ಟಿಲಿನವನು, ಭಕ್ತ ಎಂಬ ಭೇದವಿಲ್ಲದೆ ಬಿಸಿ ಊಟ ಸಿಗುತ್ತದೆ. ಥಂಡಿಯಲ್ಲಿ ಬಿಸಿ ಊಟವೂ ಒಂದು ಕಂಬಳಿಯೇ.

ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತವು. ಆ ಚಳಿಗಾಲ ಈ ಜನ ಬಯಲಲ್ಲಿ ಮಲಗಲಿಲ್ಲ. ಆದರೆ ಮನೆಯಲ್ಲಿ ಒಲೆ ಹೊತ್ತುವುದೂ ಕಷ್ಟವಾಯಿತು. ಅವರಿಗೆ ಜಾತ್ರೆ ಬೇಕು, ಹಾಗಾಗಿ ಥಂಡಿಯೂ ಬೇಕೇ ಬೇಕು. ಜಾತ್ರೆಯನ್ನು ಬೇಸಿಗೆಗೆ ಒಯ್ಯಿರಿ ಎಂದು ಅವರು ಕೇಳುವುದಿಲ್ಲ. ದಿನ ಇಟ್ಟವರು ನಾವು, ನಮ್ಮ ಸುಗ್ಗಿ, ನಮ್ಮ ದಾರಿ, ನಮ್ಮ ಬೆಳದಿಂಗಳು ನೋಡಿ ಇಟ್ಟೆವು. ಅದರ ಚಳಿಯನ್ನು ಪೂರ್ತಿ ಅವರ ಮೇಲೆಯೇ ಹಾಕಿದೆವು.

ನಿಮ್ಮೂರಿನ ಜಾತ್ರೆ ಕಮಿಟಿ ಕೂತಾಗ ಮೂರು ಮಾತು ಎತ್ತಿ ನೋಡಿ. ಗುಡಾರದವರಿಗೆ ತಗ್ಗು ಬಿಟ್ಟು ಸ್ವಲ್ಪ ಏರಿನ, ಗಾಳಿಗೆ ಮರೆ ಇರುವ ಜಾಗ. ಎರಡು ಟ್ರ್ಯಾಕ್ಟರ್ ಭತ್ತದ ಹುಲ್ಲು, ಹೇಗೂ ಎಷ್ಟೋ ಮಂದಿ ಗದ್ದೆಯಲ್ಲಿ ಸುಡುತ್ತೇವೆ. ಮಕ್ಕಳು, ಬಾಣಂತಿಯರು ರಾತ್ರಿ ಮಲಗಲು ಶಾಲೆಯ ಒಂದು ಕೋಣೆ, ಅದರ ಪಾಯಖಾನೆಯ ಕೀಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ.

ಶಿವರಾತ್ರಿಗೆ ಥಂಡಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತೇವೆ. ಹೋಗುತ್ತದೆ, ನಿಜ. ಆದರೆ ಬನದ ಹುಣ್ಣಿಮೆಯಿಂದ ಶಿವರಾತ್ರಿತನಕ ಇನ್ನೂ ಒಂದೂವರೆ ತಿಂಗಳ ರಾತ್ರಿಗಳಿರುತ್ತವೆ.