ಡೋಲಿ ಹೊತ್ತವರು

ಮೈಸೂರು ಯುದ್ಧಗಳ ಪಾಠವನ್ನು ನಾವು ಉಪಾಧ್ಯಾಯರು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಸತ್ತವರೆಷ್ಟು, ಗಾಯಗೊಂಡವರೆಷ್ಟು ಎಂಬ ಲೆಕ್ಕವನ್ನು ಹುಡುಗರಿಂದ ಬರೆಯಿಸುತ್ತೇವೆ. ಕಾಲು ಮುರಿದು ಬಿದ್ದ ಸಿಪಾಯಿಯು ರಣಭೂಮಿಯಿಂದ ವೈದ್ಯನ ಗುಡಾರಕ್ಕೆ ಹೇಗೆ ಬಂದನು ಎಂಬುದನ್ನು ಮಾತ್ರ ಕೇಳುವುದಿಲ್ಲ. ಅವನನ್ನು ಯಾರೋ ಹೊತ್ತು ತಂದಿರಲೇಬೇಕು.

ಕುಂಪಣಿಯ ದಂಡಿನಲ್ಲಿ ಹಾಗೆ ಹೊತ್ತವರು ಡೋಲಿಯ ಆಳುಗಳು. ಬಿದಿರ ಗಳುವಿಗೆ ಮಂಚದಂತಹ ಚೌಕಟ್ಟನ್ನು ತೂಗಹಾಕಿ ಬಟ್ಟೆಯ ಮರೆ ಕಟ್ಟಿದರೆ ಡೋಲಿಯಾಯಿತು, ಮೇನೆಗಿಂತ ಹಗುರ. ಹೊರುವವನಿಗೆ ಬೋಯಿ ಅಥವಾ ಬೋವಿ ಎಂದು ಹೆಸರು. ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಬೋಯರು, ಎಂದರೆ ಬೇಡರು, ಪಾಳೆಯಗಾರರ ಕಾಲದಿಂದ ಆಯುಧ ಹಿಡಿದ ಜನ. ಹೆಸರಿನ ಹೋಲಿಕೆಯಿಂದ ಇಬ್ಬರನ್ನೂ ಒಂದೆಂದು ಬರೆಯುವುದು ತಪ್ಪು.

ಈ ಸೀಮೆ ಹಿಂದೆ ಟಿಪ್ಪುವಿನ ರಾಜ್ಯದಲ್ಲಿತ್ತು. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟಾಗ ದತ್ತ ಮಂಡಲದೊಡನೆ ಕುಂಪಣಿಗೆ ಸೇರಿತು. ಆ ಯುದ್ಧಗಳಲ್ಲಿ ಮನುಷ್ಯನ ಹೆಗಲೇ ಏಕೆ ಬೇಕಾಯಿತೆಂಬುದಕ್ಕೆ 1791 ಸಾಕ್ಷಿ. ಮಾರ್ಚಿಯಲ್ಲಿ ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯವರೆಗೂ ಹೋದನು. ಮಳೆ ಹಿಡಿಯಿತು, ಎತ್ತುಗಳು ರಾಶಿರಾಶಿಯಾಗಿ ಸತ್ತವು. ಮುತ್ತಿಗೆಯ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಹಾಳುಮಾಡಿ ಹಿಂದಿರುಗಿದನು. ಫಿರಂಗಿಯನ್ನು ಹಾಗೆ ಬಿಟ್ಟುಬರಬಹುದು, ಗಾಯಾಳುವನ್ನು ಬಿಡಬಹುದೆ?

ಅದಕ್ಕೆಷ್ಟು ಜನ ಬೇಕು? ಒಂದು ಡೋಲಿಗೆ ಸರದಿಯವರೂ ಸೇರಿ ಆರು ಆಳು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಮಾರ್ಗವಾಗಿ ಉತ್ತರಕ್ಕೆ ಒಯ್ದ ದಂಡು ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರೊಡನೆ ಹೋರಾಡಿತು. ಅವನ ಕಡೆ ಸತ್ತವರು 428, ಗಾಯಗೊಂಡವರು 1138. ಎಲ್ಲರನ್ನೂ ಡೋಲಿಯಲ್ಲೇ ಒಯ್ಯುವುದಾದರೆ 6828 ಹೊರೆಯಾಳುಗಳು! ಯಾವ ದಂಡಿನಲ್ಲೂ ಅಷ್ಟು ಡೋಲಿಗಳಿರಲಾರವು. ಯಾರನ್ನು ಮೊದಲು ಎತ್ತಬೇಕು, ಯಾರನ್ನು ಬಿಡಬೇಕು ಎಂಬ ತೀರ್ಮಾನ ಆ ಸಂಜೆ ನಡೆದೇ ಇದ್ದಿತು. ಹುಡುಗರಿಗೆ ಈ ಗುಣಾಕಾರವನ್ನು ಮಾಡಿಸಿದರೆ ಯುದ್ಧವೆಂದರೇನೆಂದು ತಾನೇ ತಿಳಿದೀತು.

ಆಂಗ್ಲರು ಈ ಆಳುಗಳನ್ನು ಎಷ್ಟು ಅರಿತಿದ್ದರು? 1886ರ ಹಾಬ್ಸನ್-ಜಾಬ್ಸನ್ ನಿಘಂಟು ಒಂದು ನಗೆಮಾತನ್ನು ಹೇಳುತ್ತದೆ. ಪಾರ್ಲಿಮೆಂಟಿನ ಸದಸ್ಯರೊಬ್ಬರು ಡೋಲಿಗಳೆಂದರೆ ಬೆಟ್ಟದಿಂದಿಳಿದು ಗಾಯಾಳುಗಳನ್ನು ಹೊತ್ತೊಯ್ಯುವ ಕ್ರೂರ ಜನಾಂಗವೆಂದು ತಿಳಿದರಂತೆ! ನಾವೂ ನಕ್ಕೆವು, ಆಮೇಲೆ ಅಷ್ಟಾಗಿ ನಗು ಬರಲಿಲ್ಲ.

ಹೊತ್ತವರ ಮೇಲೆ ಹೇಡಿತನದ ಆರೋಪವೂ ಉಂಟು. 1857ರ ಸೆಪ್ಟೆಂಬರ್ 26ರಂದು ಲಖನೌದಲ್ಲಿ ಡೋಲಿಗಳ ಸಾಲು ದಾರಿ ತಪ್ಪಿ ಗುಂಡಿನ ನಡುವೆ ಸಿಕ್ಕಿತು. ಹೊತ್ತವರು ಇಳಿಸಿ ಓಡಿದರು, ಒಳಗಿದ್ದ ಗಾಯಾಳುಗಳಲ್ಲಿ ಹಲವರು ಹತರಾದರು. ಘೋರವಾದ ಸಂಗತಿ, ನಿಜ. ಆದರೆ ನಿರಾಯುಧನಾದ ಆಳಿನಿಂದ ಸಿಪಾಯಿಯ ಶೌರ್ಯವನ್ನು ಕೇಳುವುದು ನ್ಯಾಯವೆಂದು ನಮಗೆ ತೋರದು.

ಓಡದೆ ನಿಂತವರಿಗಾದರೂ ದೊರೆತುದೇನು? ಬೋಯರ್ ಯುದ್ಧದಲ್ಲಿ, 1899-1900ರಲ್ಲಿ, ನೇಟಾಲಿನಲ್ಲಿ ಗಾಂಧೀಜಿಯವರು ಕಟ್ಟಿದ ಭಾರತೀಯ ಶುಶ್ರೂಷಾ ದಳದಲ್ಲಿ ಸುಮಾರು 1100 ಜನರಿದ್ದರು. ಅವರಲ್ಲಿ 800ರಷ್ಟು ಮಂದಿ ಕರಾರಿನ ಕೂಲಿಗಳು. ನಮ್ಮ ಜಿಲ್ಲೆ ಅಂದು ಸೇರಿದ್ದ ಮದರಾಸು ಪ್ರಾಂತದಿಂದ ಅಂತಹ ಕೂಲಿಗಳು ಸಾವಿರಾರು ಜನ ನೇಟಾಲಿಗೆ ಹಡಗು ಹತ್ತಿದ್ದರು. ಸ್ಪಿಯಾನ್ ಕಾಪ್ ಕದನದ ದಿನಗಳಲ್ಲಿ ಗುಂಡು ಬೀಳುವೆಡೆಗೂ ಹೋಗಿ, ಸ್ಟ್ರೆಚರು ಹೊತ್ತು ದಿನಕ್ಕೆ 20-25 ಮೈಲಿ ನಡೆದರು. ಸೇನಾಪತಿ ಬುಲ್ಲರನು ತನ್ನ ವರದಿಯಲ್ಲಿ ದಳವನ್ನು ಹೊಗಳಿದನು. ಯುದ್ಧದ ಪದಕ ಬಂದುದು ಮುಂದಾಳುಗಳಾದ 37 ಜನರಿಗೆ.